ಮರೆವಿನ ರೋಗ ಮತ್ತು ಮನೆಯವರ ಸೇವಾಧರ್ಮ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಿರಿಯರೊಬ್ಬರು ಉಂಡದ್ದನ್ನು ಮರೆತು ಮತ್ತೆ ಎಲೆ ಹಾಕೆಂದರೆ, ಮಗನನ್ನು ತಮ್ಮನ ಹೆಸರಿನಿಂದ ಕರೆದರೆ, ಈ ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುವುದು ರೂಢಿ. ಇದರಿಂದ ಎರಡು ಹಾನಿಗಳು ಒದಗಿವೆ. ರೋಗವನ್ನು ವಯಸ್ಸಿನ ಸಹಜಧರ್ಮವೆಂದು ಎಣಿಸುವುದರಿಂದ ವೈದ್ಯರಲ್ಲಿಗೆ ಹೋಗುವುದು ತಡವಾಗುತ್ತದೆ. ಅದು ರೋಗವೇ ಅಲ್ಲವೆಂದಾದ ಮೇಲೆ, ಅಂಥವರನ್ನು ಹಗಲಿರುಳು ನೋಡಿಕೊಳ್ಳುವವರ ಶ್ರಮವೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆದಕಾರಣ ಈ ಸಂಚಿಕೆಯಲ್ಲಿ ರೋಗದ ಸ್ವರೂಪ, ರೋಗಿಯೊಡನೆ ನಡೆದುಕೊಳ್ಳುವ ಕ್ರಮ, ಸೇವೆ ಮಾಡುವವರ ರಕ್ಷಣೆ ಎಂಬ ಮೂರು ವಿಷಯಗಳನ್ನು ವಾಚಕರೊಡನೆ ವಿಚಾರ ಮಾಡೋಣ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಪರಿಹರಿಸಿಕೊಳ್ಳಬೇಕು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುವ ‘ಸ್ಮೃತಿವಿಭ್ರಮ’ ಎಂಬ ಶಬ್ದವನ್ನು ಕೆಲವರು ಇಲ್ಲಿಗೆ ತಂದು, ಇದು ಆ ಮನುಷ್ಯನ ಕೋಪತಾಪಗಳ ಫಲವೆಂದು ಹೇಳುವುದುಂಟು. ಇದು ಸರಿಯಲ್ಲ. ಅಲ್ಲಿ ಹೇಳಿರುವುದು ವಿಷಯಚಿಂತನೆಯಿಂದ ಕಾಮ, ಕಾಮದಿಂದ ಕ್ರೋಧ ಹುಟ್ಟಿ, ವಿಧಿನಿಷೇಧಗಳ ನೆನಪು ತಪ್ಪುವ ವಿವೇಕಹಾನಿಯನ್ನು. ಇಲ್ಲಿ ನಾವು ಹೇಳುತ್ತಿರುವುದು ಮಿದುಳಿನ ಜೀವಕೋಶಗಳು ನಶಿಸುವ ದೇಹರೋಗವನ್ನು. ಕಣ್ಣಿಗೆ ಪೊರೆ ಬಂದವನಿಗೆ ಕ್ರೋಧಿಯೆಂದು ಹೆಸರಿಡದ ನಾವು, ಮಿದುಳಿಗೆ ರೋಗ ಬಂದವನಿಗೆ ಆ ಹೆಸರನ್ನಿಡುವುದು ನ್ಯಾಯವಲ್ಲ.

ರೋಗದ ಸ್ವರೂಪ

ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಇದು ಒಂದೇ ರೋಗದ ಹೆಸರಲ್ಲ. ನೆನಪು, ಮಾತು, ದಿಕ್ಕು, ನಿರ್ಣಯಶಕ್ತಿಗಳು ದಿನನಿತ್ಯದ ಬಾಳಿಗೆ ಅಡ್ಡಿಯಾಗುವಷ್ಟು ಕುಗ್ಗುವ ಸ್ಥಿತಿಯ ಹೆಸರು. ಇದಕ್ಕೆ ಕಾರಣವಾದ ರೋಗಗಳಲ್ಲಿ ಆಲ್ಝೈಮರ್ ರೋಗವೇ ಪ್ರಧಾನ. ನೂರರಲ್ಲಿ ಅರವತ್ತರಿಂದ ಎಪ್ಪತ್ತು ರೋಗಿಗಳಲ್ಲಿ ಇದರ ಪಾತ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಐವತ್ತೊಂದು ವಯಸ್ಸಿನ ಸ್ತ್ರೀಯೊಬ್ಬಳನ್ನು ಪರೀಕ್ಷಿಸಿ, ಆಕೆ ತೀರಿಕೊಂಡ ಮೇಲೆ ಮಿದುಳನ್ನು ಶೋಧಿಸಿ, 1906ರಲ್ಲಿ ಅದನ್ನು ವೈದ್ಯರ ಸಭೆಯ ಮುಂದಿಟ್ಟನು. 1910ರಲ್ಲಿ ಆ ರೋಗಕ್ಕೆ ಅವನ ಹೆಸರೇ ಬಂತು. ಆ ಸ್ತ್ರೀಗೆ ಅರವತ್ತೂ ಆಗಿರಲಿಲ್ಲವೆಂಬುದನ್ನು ನಮ್ಮ ಗಾದೆಯವರು ಗಮನಿಸಬೇಕು. ಮಿದುಳಿನ ರಕ್ತನಾಳಗಳು ಕೆಡುವುದರಿಂದ ಬರುವ ಡಿಮೆನ್ಷಿಯಾ ಇನ್ನೊಂದು ಬಗೆ. ರಕ್ತದೊತ್ತಡ, ಸಕ್ಕರೆ ರೋಗಗಳನ್ನು ಅಲಕ್ಷಿಸಿದವರಿಗೆ ಇದರ ಭಯ ಹೆಚ್ಚು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರು ಈ ಸ್ಥಿತಿಯಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹಾಗಿರುವಲ್ಲಿ, ನಮ್ಮ ಭಕ್ತವೃಂದದ ಮನೆಗಳಲ್ಲಿ ಇದು ಇಲ್ಲವೆಂದು ಹೇಳುವವರು ಮುಚ್ಚಿಟ್ಟಿದ್ದಾರೆಂದೇ ತಿಳಿಯಬೇಕು.

ಸಹಜವಾದ ಮರೆವಿಗೂ ರೋಗದ ಮರೆವಿಗೂ ಭೇದವನ್ನು ಹೀಗೆ ಅರಿಯಬಹುದು. ಪಂಚಾಂಗ ನೋಡದೆ ತಿಥಿ ನೆನಪಾಗದಿರುವುದು ಸಹಜ. ಬೆಳಗಿನ ಸಂಧ್ಯಾವಂದನೆ ಮುಗಿಸಿ ಎದ್ದವರು ಗಳಿಗೆಯೊಳಗೆ ಮತ್ತೆ ಪಂಚಪಾತ್ರೆಯನ್ನು ಹುಡುಕುವುದು, ಹೀಗೆ ದಿನವೂ ನಡೆಯುವುದು ಸಹಜವಲ್ಲ. ಹುಳಿಗೆ ಉಪ್ಪು ಹಾಕಲು ಮರೆಯುವುದು ಸಹಜ. ಐವತ್ತು ವರ್ಷ ಹುಳಿ ಮಾಡಿದ ಕೈಗೆ ಬೇಳೆ ಮೊದಲೋ ಹುಣಿಸೆ ಮೊದಲೋ ಎಂಬ ಕ್ರಮವೇ ತಪ್ಪುವುದು ಸಹಜವಲ್ಲ. ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು, ಹಣದ ಲೆಕ್ಕ ಹಿಡಿಯದಿರುವುದು, ಸೌಮ್ಯರಾಗಿದ್ದವರು ಸಂಶಯಗ್ರಸ್ತರಾಗುವುದು, ಇವೂ ಲಕ್ಷಣಗಳೇ.

ವೈದ್ಯರಲ್ಲಿಗೆ ಹೋಗುವ ಪ್ರಯೋಜನ

‘ಇದಕ್ಕೆ ಮದ್ದಿಲ್ಲವಂತೆ, ಮತ್ತೇಕೆ ತೋರಿಸಬೇಕು?’ ಎಂದು ಕೇಳುವವರಿದ್ದಾರೆ. ಮದ್ದಿರುವ ಕೆಲವು ಕಾರಣಗಳೂ ಇದೇ ವೇಷದಲ್ಲಿ ಬರುತ್ತವೆ ಎಂಬುದೇ ಉತ್ತರ. ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ, ಕಿವುಡು, ಇವುಗಳಿಂದಲೂ ಮರೆವು ಬಂದಂತೆ ತೋರುವುದುಂಟು. ನಮ್ಮಂಥ ಶಾಕಾಹಾರಿಗಳು ವಿಶೇಷವಾಗಿ ತಿಳಿಯಬೇಕಾದದ್ದು ಬಿ12 ಜೀವಸತ್ವದ ಕೊರತೆ. ಇದು ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯುವುದಿಲ್ಲ. ಹಾಲು ಮೊಸರುಗಳಲ್ಲಿ ಸ್ವಲ್ಪ ಉಂಟು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುವುದು. ಚುಚ್ಚುಮದ್ದಿನಿಂದಲೋ ಮಾತ್ರೆಯಿಂದಲೋ ತುಂಬಿಕೊಳ್ಳಬಹುದು.

ಇನ್ನೊಂದು ಎಚ್ಚರ. ಮರೆವಿನ ರೋಗ ತಿಂಗಳು ವರ್ಷಗಳಲ್ಲಿ ಮೆಲ್ಲನೆ ಏರತಕ್ಕದ್ದು. ಎರಡು ದಿನಗಳಲ್ಲಿ ಒಮ್ಮೆಲೇ ಭ್ರಮೆ ಹೆಚ್ಚಿದರೆ ಮೂತ್ರದ ಸೋಂಕು, ಜ್ವರ, ನೀರಿನ ಅಭಾವ, ಮಲಬದ್ಧತೆ, ಹೊಸ ಔಷಧ, ಇವುಗಳಲ್ಲಿ ಒಂದನ್ನು ಶಂಕಿಸಿ ಕೂಡಲೇ ವೈದ್ಯರಿಗೆ ತೋರಿಸಬೇಕು.

ಆಲ್ಝೈಮರ್ ರೋಗಕ್ಕೆ ಕೊಡುವ ಡೊನೆಪೆಜಿಲ್, ಮೆಮಂಟೈನ್ ಮೊದಲಾದ ಔಷಧಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪಕಾಲ ಹತೋಟಿಯಲ್ಲಿಡುತ್ತವೆ, ರೋಗವನ್ನು ಗುಣಪಡಿಸುವುದಿಲ್ಲ. ಆದುದರಿಂದ ಪೂರ್ಣ ಗುಣಪಡಿಸುವೆವೆಂದು ಹಣ ಕೇಳುವವರನ್ನು ದೂರವಿಡುವುದೇ ಲೇಸು. ನಿದ್ರೆಯ ಮಾತ್ರೆಯನ್ನು ಮನೆಯವರೇ ತಂದು ಕೊಡಕೂಡದು. ಭ್ರಮೆ ಹೆಚ್ಚಿ, ಬಿದ್ದು ಎಲುಬು ಮುರಿಯುವ ಸಂಭವವುಂಟು.

ನೆನಪು ಹೋದರೂ ಉಳಿಯುವುದೇನು?

ನಮ್ಮ ಸಿದ್ಧಾಂತದಲ್ಲಿ ಯಥಾರ್ಥವಾದ ಸ್ಮೃತಿಗೂ ಪ್ರಾಮಾಣ್ಯವುಂಟು. ಅದು ಮನಸ್ಸೆಂಬ ಇಂದ್ರಿಯದಿಂದ ಉಂಟಾಗುವ ಜ್ಞಾನ. ಮನಸ್ಸು ಒಂದು ಕರಣ. ಕರಣಕ್ಕೆ ದೋಷ ಬರಬಹುದು. ಆದರೆ ಸುಖದುಃಖಗಳನ್ನು ನೇರವಾಗಿ ಅನುಭವಿಸುವ ಸಾಕ್ಷಿ ಜೀವಸ್ವರೂಪವೇ ಆದುದರಿಂದ ಅದಕ್ಕೆ ಲೋಪವಿಲ್ಲ. ಹೆಸರು ಮರೆತ ತಾಯಿಯಲ್ಲಿ ಸುಖಪಡುವ, ನೋಯುವ ಜೀವ ಪೂರ್ಣವಾಗಿಯೇ ಇದೆ ಎಂದು ಇದರಿಂದ ಸಿದ್ಧಿಸುತ್ತದೆ.

ಲೌಕಿಕ ಪರೀಕ್ಷೆಯೂ ಇದಕ್ಕೆ ಹೊಂದುವ ಒಂದು ಸಂಗತಿಯನ್ನು ತೋರಿಸಿದೆ. ಅಮೆರಿಕದ ಅಯೋವ ವಿಶ್ವವಿದ್ಯಾಲಯದವರು ಆಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ಭಾಗಗಳನ್ನು ತೋರಿಸಿ 2014ರಲ್ಲಿ ಫಲವನ್ನು ಪ್ರಕಟಿಸಿದರು. ನೋಡಿದ್ದೇನೆಂಬುದು ರೋಗಿಗಳಿಗೆ ಬಹುಪಾಲು ಮರೆತುಹೋಗಿತ್ತು. ಆದರೆ ಹುಟ್ಟಿದ ದುಃಖವೂ ಸಂತೋಷವೂ ಅನಂತರವೂ ಉಳಿದಿದ್ದವು. ‘ಹೇಗೂ ಮರೆಯುತ್ತಾರೆ, ಗದರಿದರೇನು?’ ಎನ್ನುವವರಿಗೆ ಇದೇ ಉತ್ತರ. ಗದರಿದ ಮಾತು ಮರೆಯುತ್ತದೆ, ನೋವು ಮರೆಯುವುದಿಲ್ಲ. ಅಂತೆಯೇ ಹತ್ತು ನಿಮಿಷ ಕೈಹಿಡಿದು ಕುಳಿತದ್ದು ಮರೆತುಹೋದರೂ ನೆಮ್ಮದಿ ಉಳಿಯುತ್ತದೆ. ಈ ಸೇವೆ ವ್ಯರ್ಥವೆಂದು ತಿಳಿಯಕೂಡದು.

ಮಾತನಾಡುವ ಕ್ರಮ

ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಸಂಬಂಧ ಹೇಳಿ ಮಾತನಾಡಿಸಬೇಕು. ‘ಅಮ್ಮಾ, ನಾನು ನಿಮ್ಮ ಸೊಸೆ, ಕಾಫಿ ತಂದಿದ್ದೇನೆ’ ಎನ್ನಬೇಕು. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬಾರದು. ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ.

ಪತಿ ತೀರಿಹೋಗಿ ಹತ್ತು ವರ್ಷವಾದ ಮುತ್ತಜ್ಜಿ ಸಂಜೆ ‘ಅವರು ಇನ್ನೂ ಆಫೀಸಿನಿಂದ ಬರಲಿಲ್ಲವೇ?’ ಎಂದು ಕೇಳಿದರೆ ಏನು ಹೇಳಬೇಕು? ಸತ್ತಿದ್ದಾರೆಂದರೆ ಪ್ರತಿದಿನವೂ ಹೊಸ ವೈಧವ್ಯ. ಬರುತ್ತಾರೆಂದರೆ ಸುಳ್ಳೆಂಬ ಅಳುಕು. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆ ವಾಚಕರಿಗೆ ನೆನಪಿರಬಹುದು. ಕಳ್ಳರಿಗೆ ನಿಜ ಹೇಳಿ ಅಮಾಯಕರ ಪ್ರಾಣಕ್ಕೆ ಎರವಾದ ಆ ತಪಸ್ವಿಗೆ ಒದಗಿದ್ದು ನರಕ. ಘಾತಕವಾದ ನಿಜವನ್ನು ಹೇಳಲೇಬೇಕೆಂಬ ಹಟ ಧರ್ಮವಲ್ಲ. ಹಾಗೆಂದು ಇಲ್ಲಿ ಸುಳ್ಳಿನ ಅಗತ್ಯವೂ ಇಲ್ಲ. ‘ಅವರ ನೆನಪಾಯಿತೇ ಅಜ್ಜಿ? ಅವರಿಗೆ ಯಾವ ಪಲ್ಯ ಇಷ್ಟವಾಗಿತ್ತು?’ ಎಂದು ಕೇಳಿದರೆ ಸಾಕು. ಆ ಪ್ರಶ್ನೆಯ ಹಿಂದಿರುವ ಹಂಬಲಕ್ಕೆ ಉತ್ತರ ದೊರೆಯುತ್ತದೆ.

‘ಮನೆಗೆ ಹೋಗೋಣ’ ಎಂಬುದು ಇಂಥದೇ ಇನ್ನೊಂದು ಮಾತು. ಮೂವತ್ತು ವರ್ಷ ಮುಂಬಯಿಯ ಅದೇ ಮನೆಯಲ್ಲಿದ್ದರೂ ಅವರು ಕೇಳುವ ಮನೆ ಬಾಲ್ಯದ್ದು. ‘ಇದೇ ಮನೆ’ ಎಂದು ವಾದಿಸದೆ ಆ ಮನೆಯ ಬಾವಿ, ಹಿತ್ತಿಲು, ದನಗಳ ವಿಷಯವನ್ನು ಕೇಳಿ, ಕೈಹಿಡಿದು ಒಂದು ಸುತ್ತು ತಿರುಗಿಸಿ ಕರೆತರಬೇಕು. ‘ಸೊಸೆ ನನ್ನ ಬಳೆ ಕದ್ದಳು’ ಎಂಬ ಆರೋಪವೂ ಸಾಮಾನ್ಯ. ಇಟ್ಟ ಜಾಗ ಮರೆತ ಮನಸ್ಸು ಕಳವೆಂಬ ಕಾರಣವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಹತ್ತಿರವಿದ್ದು ಹೆಚ್ಚು ದುಡಿಯುವವಳ ಮೇಲೆಯೇ ಆರೋಪ ಬೀಳುತ್ತದೆ. ಸೊಸೆ ನಿರಪರಾಧವನ್ನು ಸಾಧಿಸಹೊರಡದೆ ‘ಬನ್ನಿ, ಇಬ್ಬರೂ ಹುಡುಕೋಣ’ ಎನ್ನಬೇಕು. ಅದಕ್ಕಿಂತ ಮುಖ್ಯವಾಗಿ, ಫೋನಿನಲ್ಲಿ ಆ ಮಾತು ಕೇಳಿದ ಹೆಣ್ಣುಮಕ್ಕಳು, ಮೈದುನರು ಅದನ್ನು ನಂಬಕೂಡದು. ಈ ಒಂದು ಮಾತಿನಿಂದ ಒಡೆದ ಮನೆಗಳನ್ನು ನಾವು ಕಂಡಿದ್ದೇವೆ.

ಊರು ಬಿಟ್ಟು ನೆಲಸಿದ ನಮಗೆ ಭಾಷೆಯದೊಂದು ವಿಶೇಷ ತೊಡಕುಂಟು. ಬಹಳ ಮಂದಿ ರೋಗಿಗಳಲ್ಲಿ ಅನಂತರ ಕಲಿತ ಭಾಷೆ ಮೊದಲು ಜಾರುತ್ತದೆ. ನಲವತ್ತು ವರ್ಷ ಕಚೇರಿಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಆಡಿದವರು ಕನ್ನಡವೊಂದಕ್ಕೇ ಮರಳಬಹುದು. ಆಗ ಆರೈಕೆಗೆಂದು ಇರಿಸಿಕೊಂಡ ಆಯಾ ‘ಪಾನಿ’ ಎಂದರೆ ತಿಳಿಯದೆ ಸಿಟ್ಟಾಗುತ್ತಾರೆ. ‘ಬಚ್ಚಲು’ ಎಂದು ಇವರು ಕೇಳಿದ್ದು ಆಕೆಗೆ ತಿಳಿಯದೆ ಬಟ್ಟೆ ಒದ್ದೆಯಾಗುತ್ತದೆ. ಪರಿಹಾರ ಸುಲಭ. ನೀರು, ಊಟ, ಬಚ್ಚಲು, ನೋವು, ಚಳಿ, ಸಾಕು, ಬೇಡ, ಕುಳಿತುಕೊಳ್ಳಿ, ಹೆದರಬೇಡಿ ಎಂಬ ಹತ್ತಿಪ್ಪತ್ತು ಮಾತುಗಳನ್ನು ಆಕೆಯ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಕಲಿಸಿಕೊಡಬೇಕು. ಮೊಮ್ಮಕ್ಕಳಿಗೂ ಇದೇ ಪಾಠ. ಅಜ್ಜನೊಡನೆ ಮಾತನಾಡಲು ಕನ್ನಡ ಬೇಕು ಎಂಬುದಕ್ಕಿಂತ ಬಲವಾದ ಕಾರಣವನ್ನು ಮಕ್ಕಳಿಗೆ ನಾವು ಕೊಡಲಾರೆವು.

ದಿನಚರಿ ಮತ್ತು ಮನೆಯ ವ್ಯವಸ್ಥೆ

ಏಳುವುದು, ಸ್ನಾನ, ಊಟ, ನಿದ್ರೆ ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ನಡೆದರೆ ಗಾಬರಿ ಕಡಿಮೆ. ಬಾಲ್ಯದಲ್ಲಿ ಕೈಗೆ ಬಾಯಿಗೆ ಹತ್ತಿದ ಅಭ್ಯಾಸ ಬಹುಕಾಲ ಉಳಿಯುತ್ತದೆ. ಮಗನ ಹೆಸರು ಮರೆತವರೂ ದಾಸರ ಪದವನ್ನು ಆರಂಭಿಸಿಕೊಟ್ಟರೆ ಮುಂದುವರಿಸುತ್ತಾರೆ. ಹೂಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ತುಲಸಿ ಬಿಡಿಸುವುದು, ಬಟ್ಟೆ ಮಡಿಸುವುದು, ಇಂಥ ಕೆಲಸಗಳನ್ನು ಕೊಟ್ಟು, ತಪ್ಪಿದರೂ ತಿದ್ದದೆ ಸ್ವೀಕರಿಸಬೇಕು. ಮನೆಗೆ ತಾವು ಬೇಕಾದವರೆಂಬ ಭಾವ ಇದರಿಂದ ಉಳಿಯುತ್ತದೆ.

ಸ್ನಾನವೇ ಬಹಳ ಮನೆಗಳಲ್ಲಿ ಜಗಳಕ್ಕೆ ಕಾರಣ. ಬೆಚ್ಚನೆಯ ನೀರು, ಕುಳಿತುಕೊಳ್ಳಲು ಪೀಠ, ಹಿಡಿಯಲು ಗೋಡೆಗೆ ಹಿಡಿ ಇರಲಿ. ಮೊದಲು ಕಾಲಿಗೆ ನೀರು ಹಾಕಿ, ಮಾಡುವುದನ್ನು ಹೇಳುತ್ತಾ ಮಾಡಬೇಕು. ಒಲ್ಲೆನೆಂದರೆ ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಬೇಕು; ಒಂದು ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಹಾನಿಯಿಲ್ಲ. ಮಡಿಯ ವಿಷಯದಲ್ಲಿ ರೋಗಿಯನ್ನು ಗದರುವುದು ಸರ್ವಥಾ ಕೂಡದು. ಎರಡು ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ಯುವ ಅಭ್ಯಾಸವಿಟ್ಟರೆ ಬಟ್ಟೆ ಹಾಳಾಗುವುದು ತಪ್ಪುತ್ತದೆ.

ಏಕಾದಶಿಯ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಉಪವಾಸವನ್ನು ವಿಧಿಸಿರುವುದನ್ನೂ, ಅಶಕ್ತರಿಗೆ ಅನುಕಲ್ಪವಿರುವುದನ್ನೂ ಧರ್ಮಗ್ರಂಥಗಳಲ್ಲಿ ಕಾಣುತ್ತೇವೆ. ನೀರಿಲ್ಲದೆ ಒಣಗಿದ ದೇಹದಲ್ಲಿ ಭ್ರಮೆ ಹೆಚ್ಚುತ್ತದೆ. ಸಕ್ಕರೆ ರೋಗದ ಔಷಧ ತೆಗೆದುಕೊಂಡು ಉಪವಾಸವಿದ್ದರೆ ಅಪಾಯವೇ ಉಂಟು. ತಮ್ಮ ಸ್ಥಿತಿಯನ್ನು ತಾವೇ ತಿಳಿಸಲಾರದವರ ಮೇಲೆ ಮನೆಯವರು ಉಪವಾಸವನ್ನು ಹೇರಬಾರದು. ಸಂಶಯವಿದ್ದವರು ಮಠದ ವಿದ್ವಾಂಸರನ್ನು ಕೇಳಿಕೊಳ್ಳಬಹುದು.

ಸಂಜೆಯ ಹೊತ್ತಿಗೆ ತಳಮಳ ಹೆಚ್ಚುವುದುಂಟು. ಕತ್ತಲಾಗುವ ಮುನ್ನವೇ ದೀಪ ಹಾಕಬೇಕು. ರಾತ್ರಿ ಬಚ್ಚಲ ದಾರಿಗೆ ಸಣ್ಣ ದೀಪವಿರಲಿ. ಅಡುಗೆ ಮುಗಿದ ಮೇಲೆ ಗ್ಯಾಸನ್ನು ಸಿಲಿಂಡರಿನ ಬಳಿಯೇ ಮುಚ್ಚಬೇಕು. ಬಚ್ಚಲ ಒಳಚಿಲಕವನ್ನು ತೆಗೆಸಬೇಕು. ಹೆಸರು, ಫೋನ್ ಸಂಖ್ಯೆ ಬರೆದ ಚೀಟಿ ಅಂಗಿಯ ಜೇಬಿನಲ್ಲೋ ಕೊರಳ ಸರದಲ್ಲೋ ಇರಲಿ. ಕಟ್ಟಡದ ಕಾವಲುಗಾರನಿಗೂ ನೆರೆಯವರಿಗೂ ರೋಗದ ಸಂಗತಿಯನ್ನು ಹೇಳಿಡಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಚ್ಚಿಟ್ಟ ಮನೆಯ ಹಿರಿಯರು ದಾರಿತಪ್ಪಿದಾಗ ಗುರುತಿಸಿ ಕರೆತರುವವರಿರುವುದಿಲ್ಲ.

ರೋಗ ಮುಂದುವರಿದಾಗ ನುಂಗುವುದು ಕಷ್ಟವಾಗುತ್ತದೆ. ನೆಟ್ಟಗೆ ಕೂರಿಸಿ, ಮೆತ್ತನೆಯ ಅನ್ನವನ್ನು ಸಣ್ಣ ತುತ್ತುಗಳಲ್ಲಿ ಕೊಡಬೇಕು. ಪ್ರತಿ ಸಲ ಕೆಮ್ಮು ಬರುವುದಾದರೆ ವೈದ್ಯರಿಗೆ ತಿಳಿಸಬೇಕು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಕೆಂಪಾಗಿದೆಯೇ ಎಂದು ನೋಡುತ್ತಿರಬೇಕು.

ಹಣಕಾಸಿನ ವ್ಯವಹಾರ

ರೋಗದ ಆರಂಭದಲ್ಲಿ, ಹಿರಿಯರಿಗೆ ತಿಳಿವಳಿಕೆ ಇರುವಾಗಲೇ, ಉಯಿಲು, ನಾಮಿನೇಷನ್, ಜಂಟಿ ಖಾತೆಗಳ ವ್ಯವಸ್ಥೆಯನ್ನು ಅವರ ಇಚ್ಛೆಯಂತೆ ಮುಗಿಸಬೇಕು. ಮುಖತ್ಯಾರ ಪತ್ರವೊಂದಿದ್ದರೆ ಸಾಕೆಂದು ಹಲವರು ತಿಳಿದಿದ್ದಾರೆ. ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ತಪ್ಪಿದರೆ ಕಾನೂನಿನಂತೆ ಅದರ ಬಲವೂ ನಿಲ್ಲುತ್ತದೆ. ಅನಂತರ ಪಾಲಕತ್ವಕ್ಕಾಗಿ ನ್ಯಾಯಾಲಯಕ್ಕೆ ಹೋಗಬೇಕಾದೀತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ಮಾತನಾಡುವವರನ್ನು ಮೊದಲೇ ನೇಮಿಸಿಕೊಳ್ಳಬಹುದು. ನಿವೃತ್ತಿವೇತನದವರ ಜೀವನ ಪ್ರಮಾಣಪತ್ರವನ್ನು 2014ರಿಂದ ಗಣಕಯಂತ್ರದ ಮೂಲಕವೂ ಸಲ್ಲಿಸಬಹುದಾಗಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ಬ್ಯಾಂಕಿಗೆ ಒಯ್ಯುವ ಮುನ್ನ ಇದನ್ನು ಕೇಳಿ ಪಡೆಯಬೇಕು.

ಸೇವೆ ಮಾಡುವವರ ರಕ್ಷಣೆ

ಇನ್ನು ಮುಖ್ಯವಾದ ಮಾತು. ತಾಯಿತಂದೆಯರನ್ನು ದೇವರೆಂದು ಕಾಣಬೇಕೆಂಬ ಶಿಕ್ಷಾವಲ್ಲಿಯ ಉಪದೇಶವನ್ನು ನಾವು ಗಂಡುಮಕ್ಕಳಿಗೆ ಹೇಳಿಕೊಡುತ್ತೇವೆ. ಮಲಮೂತ್ರ ತೆಗೆಯುವ ಕೆಲಸವನ್ನು ಮಾತ್ರ ಸೊಸೆಗೋ, ಮದುವೆಯಾಗದ ಮಗಳಿಗೋ, ತಾನೇ ವೃದ್ಧೆಯಾದ ಹೆಂಡತಿಗೋ ಬಿಡುತ್ತೇವೆ. ಉಪದೇಶ ಒಬ್ಬರಿಗೆ, ಅನುಷ್ಠಾನ ಇನ್ನೊಬ್ಬರಿಗೆ ಎಂಬ ವಿಭಾಗ ಯಾವ ಶಾಸ್ತ್ರದಲ್ಲೂ ಇಲ್ಲ.

ರೈಲ್ವೆಯಲ್ಲಿ ನಾವು ಕೆಲಸ ಮಾಡಿದವರು. ಅಲ್ಲಿ ಗಾಡಿ ಎಷ್ಟೇ ತಡವಾಗಿದ್ದರೂ ಚಾಲಕನ ದುಡಿಮೆಯ ಹೊತ್ತಿಗೆ ಮಿತಿಯಿದೆ. ಮುಂದಿನ ನಿಲ್ದಾಣದಲ್ಲಿ ಬದಲಿ ಚಾಲಕ ಕಾದಿರಬೇಕು. ಬದಲಿಯನ್ನು ಏರ್ಪಡಿಸುವುದು ಚಾಲಕನ ಮೇಲಿನ ದಯೆಯಿಂದ ಮಾತ್ರವಲ್ಲ, ಗಾಡಿಯಲ್ಲಿರುವವರ ಪ್ರಾಣರಕ್ಷಣೆಗಾಗಿ. ನಿದ್ರೆಯಿಲ್ಲದೆ ವರ್ಷಗಟ್ಟಲೆ ದುಡಿದ ಗೃಹಿಣಿಯ ಕೈಯಿಂದ ಔಷಧ ತಪ್ಪುವುದು, ಬಾಯಿಂದ ಕಟುಮಾತು ಬರುವುದು, ಒಂದು ದಿನ ಕೈಯೂ ಎದ್ದೀತು ಎಂಬುದು ಆಕೆಯ ದುಷ್ಟತನವಲ್ಲ. ಬದಲಿ ಕಳುಹಿಸದ ಮನೆಯವರ ದೋಷ.

ಆದುದರಿಂದ ಒಡಹುಟ್ಟಿದವರೆಲ್ಲ ಕುಳಿತು ಕೆಲಸವನ್ನು ಬರವಣಿಗೆಯಲ್ಲಿ ಹಂಚಿಕೊಳ್ಳಬೇಕು. ದೂರದಲ್ಲಿರುವ ಮಗ ಹಣ ಕಳುಹಿಸುವುದು ಸರಿ; ಮೂರು ತಿಂಗಳಿಗೊಮ್ಮೆ ಬಂದು ಒಂದು ವಾರ ತಾನೇ ರಾತ್ರಿ ಎಚ್ಚರವಿರುವುದು ಇನ್ನೂ ಸರಿ. ಫೋನಿನಲ್ಲಿ ‘ಅಮ್ಮನಿಗೆ ಊಟ ಸರಿಯಾಗಿ ಕೊಡುತ್ತಿದ್ದೀರಾ?’ ಎಂದು ಕೇಳುವ ಮುನ್ನ ‘ಅತ್ತಿಗೆ, ನೀವು ಊಟ ಮಾಡಿದಿರಾ, ನಿದ್ರೆ ಬಂತೇ?’ ಎಂದು ಕೇಳಬೇಕು. ದಾದಿಯನ್ನು ಇಡುವುದು, ಹಗಲು ನೋಡಿಕೊಳ್ಳುವ ಕೇಂದ್ರಕ್ಕೆ ಕಳುಹಿಸುವುದು, ಕೈಮೀರಿದಾಗ ಒಳ್ಳೆಯ ಆರೈಕೆ ಗೃಹದಲ್ಲಿರಿಸಿ ಪದೇಪದೇ ಹೋಗಿ ನೋಡುವುದು, ಇವು ಯಾವುವೂ ಧರ್ಮಚ್ಯುತಿಯಲ್ಲ. ಆರೈಕೆ ಮಾಡುವವರಿಗೆ ಸದಾ ಅಳು, ನಿದ್ರಾನಾಶ, ಬಾಳೇ ಬೇಡವೆಂಬ ಭಾವ ಕಂಡರೆ ಅವರನ್ನೂ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸಹಾಯಕ್ಕೆ ಸ್ಥಳಗಳುಂಟು. ಕೇರಳದಲ್ಲಿ 1992ರಲ್ಲಿ ಆರಂಭವಾದ ಭಾರತೀಯ ಆಲ್ಝೈಮರ್ ಸಂಸ್ಥೆಗೆ ಹಲವು ನಗರಗಳಲ್ಲಿ ಶಾಖೆಗಳಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ವೃದ್ಧರ ಸಹಾಯವಾಣಿ 14567. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416. ಎರಡನೆಯದರಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಆರೈಕೆ ಮಾಡುವವರು ತಮ್ಮ ಕಷ್ಟವನ್ನೂ ಹೇಳಿಕೊಳ್ಳಬಹುದು.

ನಮ್ಮ ಶಾಖೆಯ ಭಕ್ತರು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸಿ ಮುಗಿಸುತ್ತೇವೆ. ಮುಂದಿನ ಆರಾಧನೆಗೆ ಬರುವಾಗ, ನಿಮ್ಮ ಪರಿಚಯದವರಲ್ಲಿ ಎರಡು ಮೂರು ವರ್ಷಗಳಿಂದ ಮಠಕ್ಕೆ ಬರುವುದನ್ನೇ ನಿಲ್ಲಿಸಿದ ಗೃಹಿಣಿ ಯಾರಿದ್ದಾರೆಂದು ಯೋಚಿಸಿ. ಭಕ್ತಿ ಕುಗ್ಗಿತೆಂದು ಎಣಿಸದೆ ಆ ಮನೆಗೆ ಹೋಗಿ. ‘ನೀವು ಮಠಕ್ಕೆ ಹೋಗಿ ತೀರ್ಥಪ್ರಸಾದ ತೆಗೆದುಕೊಂಡು ಬನ್ನಿ, ಅಲ್ಲಿಯವರೆಗೆ ಅತ್ತೆಯವರ ಬಳಿ ನಾವು ಕುಳಿತಿರುತ್ತೇವೆ’ ಎಂದು ಹೇಳಿ. ಆ ಮೂರು ಗಂಟೆಗಳ ಸೇವೆ ನೀವು ಮಠದೊಳಗೆ ಕುಳಿತು ಮಾಡುವ ಸೇವೆಗಿಂತ ಕಡಿಮೆಯಾದದ್ದಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥